ಅವ್ವ ಮೊದಲು ಇಳಿದ ಗವಿ

ಗವಿಯ ಬಾಯಿಗೆ ಬಂದೊಡನೆ ಅವ್ವ ಚೀಲದಿಂದ ಹಣತೆ ತೆಗೆದು ಹಚ್ಚಿದಳು. ಪೂಜೆಯಿರಬೇಕೆಂದು ಗೈಡ್ ಪಾಪ, ಚಪ್ಪಲಿ ಬಿಟ್ಟು ಕೈಮುಗಿದು ನಿಂತ.

"ಪೂಜಿ ಅಲ್ಲೋ ಯಪ್ಪಾ. ಇದನ್ನ ಹಗ್ಗಕ್ಕ ಕಟ್ಟಿ ಕೆಳಗ ಬಿಡು. ಆರಿದ್ರ ಯಾರೂ ಇಳಿಯೂದು ಬ್ಯಾಡ."

ಎರಡು ಸಾವಿರದ ಇಸವಿಯ ಈಚಿನ ಒಂದು ಬೇಸಿಗೆ ರಜೆ. ನನ್ನಿಬ್ಬರು ಮಕ್ಕಳ ಹಟಕ್ಕೆ ಬೈಲಹೊಂಗಲದಿಂದ ಗಾಡಿ ಮಾಡಿಕೊಂಡು ಆಂಧ್ರದ ಆ ಗವಿ ನೋಡಲು ಬಂದಿದ್ದೆವು. ಅಷ್ಟು ದೂರ ಬಂದು ಈ ರಂಪ. ನನಗೆ ಸಿಟ್ಟು ನೆತ್ತಿಗೇರಿತ್ತು.

ನಮ್ಮ ಸೀಮೆಯಲ್ಲಿ ಹಿಂದೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ತೆರೆದಾಗ ಒಳಗೆ ಕೆಟ್ಟ ಗಾಳಿ ಇರುತ್ತದೆಂದು ಮೊದಲು ದೀಪ ಇಳಿಸಿ ನೋಡುವುದು ರೂಢಿ. ಮುರಗೋಡದ ತವರಿನಲ್ಲಿ ಅವ್ವನ ತಮ್ಮ ದೀಪ ಇಳಿಸದೆ ಇಳಿದ. ಮೇಲೆ ಬಂದದ್ದು ಅವನ ಹೆಣ. ಅಂದಿನಿಂದ ಅವ್ವ ನೆಲದ ಕೆಳಗೆ ಕಾಲಿಟ್ಟವಳಲ್ಲ. ಸವದತ್ತಿಯ ಜವಳಿ ಅಂಗಡಿಯ ನೆಲಮಾಳಿಗೆಯ ಸೀರೆಗಳನ್ನೂ ಮೇಲಕ್ಕೇ ತರಿಸಿ ನೋಡುತ್ತಿದ್ದಳು.

"ಒಳಗೆ ಬೆಂಕಿ ತರಬಾರದಮ್ಮಾ. ಪೈಪಿನಲ್ಲಿ ಗಾಳಿ ಬಿಡ್ತಾರೆ," ಎಂದ ಕನ್ನಡ ಬಲ್ಲ ಗೈಡ್.

"ಪೈಪಿನ ಗಾಳಿ ನಾ ಕಂಡಿಲ್ಲ."

"ದಿನಾ ಮಂದಿ ಹೋಗಿ ಬರತಾರ. ನೀ ಇಲ್ಲೇ ಕುಂದ್ರು," ಎಂದು ನಾನು ಗದರಿದೆ.

ಅವ್ವ ಮೊಮ್ಮಕ್ಕಳ ಮುಖ ನೋಡಿದಳು. ಹಣತೆ ಆರಿಸಿ, ಸೆರಗು ಸಿಕ್ಕಿಸಿಕೊಂಡಳು. "ಹಂಗಾದ್ರ ನಾ ಮೊದಲ ಇಳೀತೇನಿ. ನನ್ನ ಮಾತು ಕೇಳೂತನಕ ಹಿಂದ ಬರ್ರಿ. ಮಾತು ನಿಂತ್ರ ಮಕ್ಕಳನ್ನ ಕರಕೊಂಡು ಓಡು."

ಅವಳದು ಹಿಡಿದದ್ದೇ ಪಟ್ಟು. ಗೋಡೆ ಹಿಡಿದು ಇಳಿದೇ ಬಿಟ್ಟಳು, ಬಾಯಿ ಮಾತ್ರ ಮುಚ್ಚಲಿಲ್ಲ. ಗೈಡ್ ಕಲ್ಲಿನಲ್ಲಿ ಮೂಡಿದ ಆನೆಯ ಆಕಾರ ತೋರಿಸುತ್ತಿದ್ದರೆ ಅವ್ವ ಓಣಿಯ ಸೊಸೆಯಂದಿರ ಕತೆ ಹೇಳುತ್ತಿದ್ದಳು. ಜೊತೆಗಿದ್ದ ಪರವೂರಿನವರು ನಕ್ಕರು. ನನಗೂ ಒಳಗೊಳಗೇ ನಗು ಬಂತು.

ತೀರ ತಳದಲ್ಲಿ, ನೀರಿನ ಹತ್ತಿರ, ನಿಜವಾದ ಕತ್ತಲೆ ತೋರಿಸುತ್ತೇನೆಂದು ಗೈಡ್ ದೀಪಗಳನ್ನೆಲ್ಲ ಆರಿಸಿದ. ಅವ್ವನ ಮಾತು ನಿಂತಿತು.

"ಅವ್ವಾ," ಎಂದೆ. ಮಕ್ಕಳ ಕೈ ಬಿಗಿಯಾಗಿ ಹಿಡಿದೆ. ನನಗೂ ಹೆದರಿಕೆಯಾಯಿತು. ಮತ್ತೆ ಕೂಗಿದೆ.

"ಇಲ್ಲೇ ಅದೇನಿ," ಎಂದಳು. ಆಮೇಲೆ ಮೆಲ್ಲಗೆ, "ಹಗೇವಿನ್ಯಾಗ ಅವಗೂ ಇಷ್ಟ ಕತ್ತಲ ಇತ್ತೇನ?"

ದೀಪಗಳು ಹತ್ತಿದವು. ಎಲ್ಲರೂ ಮೇಲೆ ಹೊರಟರೂ ಅವ್ವ ಕದಲಲಿಲ್ಲ, ಗೈಡ್ ಕರೆದರೂ ಕೇಳಲಿಲ್ಲ. ಅವನನ್ನೂ ಮುಂದೆ ಹತ್ತಿಸಿ, ಕೆಳಗೆ ಯಾರೂ ಉಳಿದಿಲ್ಲವೆಂದು ತಿರುಗಿ ನೋಡಿ, ಆಮೇಲೆ ಮೆಟ್ಟಿಲಿಗೆ ಕಾಲಿಟ್ಟಳು.