ಬಳೆಯನ್ನು ಬಲೆ ಮಾಡಿದ ದಿನ

ಮೂರು ವರ್ಷದ ಹಿಂದೆ ನಾನು ಕಾರವಾರದಲ್ಲಿ ಮೀನು ಮಾರುವ ಹೆಂಗಸರ ಸಂಘವೊಂದರ ಅಧ್ಯಕ್ಷೆಯಾಗಿದ್ದೆ. ಓದಿದ್ದು ಮೂರನೇ ಇಯತ್ತೆ. ಸಂಘದ ವೆಬ್‌ಸೈಟನ್ನು ಸೊಸೆ ರೇಖಾ ನೋಡಿಕೊಳ್ಳುತ್ತಿದ್ದಳು. ಅದರಲ್ಲಿ ಅವಳೇ ಬರೆದು ಸೇರಿಸಿದ ಒಂದು ಕೋಡ್ ಇತ್ತು. ಯಾವ ಪುಟದಲ್ಲಿ ಏನು ಬದಲಾಯಿಸಿ ‘ಸೇವ್’ ಒತ್ತಿದರೂ ಅದು ತಾನಾಗಿ ಓಡಿ, ಆ ಪುಟದ ತಲೆಬರಹವನ್ನು ಸಂಘದವರು, ಬೋಟಿನವರು ಎಲ್ಲರ ಫೋನಿಗೆ ಕಳಿಸುತ್ತಿತ್ತು. ಬಂಗಡೆಯ ದರ ಗಳಿಗೆಗೊಂದಾಗುವ ನಮ್ಮ ದಂಧೆಗೆ ಅದು ಬೇಕೇ ಬೇಕಿತ್ತು.

ಅದಕ್ಕೂ ಹಿಂದಿನ ವರ್ಷ ಅಂಕೋಲಾದ ಸಂತೋಷನ ಬೋಟು ನಮ್ಮವರ ಬಲೆಯ ಮೇಲೆ ಹಾದು ಹರಿದುಹಾಕಿತ್ತು. ಹಿರಿಯರು ಕೂತು ರಾಜಿ ಮಾಡಿಸಿದ್ದರು. ಆಗ ಸೈಟಿಗೆ ಹಾಕಿದ ತಲೆಬರಹ, ‘ಸಂತೋಷನಿಂದ ನಮ್ಮ ಬಳೆ ಚೂರುಚೂರು’. ನಮ್ಮ ಮನೆಮಾತು ಕೊಂಕಣಿಯಲ್ಲಿ ಬಲೆಗೆ ಜಾಳೆ ಎನ್ನುತ್ತೇವೆ. ಆ ‘ಳ’ ಕನ್ನಡಕ್ಕೂ ನುಸುಳಿತ್ತು.

ಒಂದು ಬೆಳಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಮೀನು ಕೊಳ್ಳಲು ಬಂದ ಮಾಸ್ತರರೊಬ್ಬರು ಸೈಟಿನಲ್ಲಿ ಆ ಹಳೆಯ ಪುಟ ನೋಡಿ, “ಸಂತೋಷ ಯಾರ ಬಳೆ ಒಡೆದ್ನೇ?” ಎಂದು ನಕ್ಕರು. ರೇಖಾಳಿಗೆ ನಾಚಿಕೆಯಾಯಿತು. ನಿಂತಲ್ಲೇ ಒಂದಕ್ಷರ ತಿದ್ದಿ ಸೇವ್ ಒತ್ತಿದಳು.

ದಕ್ಕೆಯ ತುಂಬ ಫೋನುಗಳು ಕೂಗಿದವು: ‘ಸಂತೋಷನಿಂದ ನಮ್ಮ ಬಲೆ ಚೂರುಚೂರು’. ಸಂತೋಷ ಅಲ್ಲೇ ಮೀನು ಇಳಿಸುತ್ತಿದ್ದ.

“ಮತ್ತೆ ಹರಿದ್ಯೇನೋ ಹಲ್ಕಟ್!” ಎನ್ನುತ್ತ ನಮ್ಮ ಬೋಟಿನವರು ಅವನ ಮೇಲೆ ಮುಗಿಬಿದ್ದರು.

ಮೊದಲು ದೋಣಿಯ ಹುಟ್ಟಿನಿಂದ ಬೆನ್ನಿಗೆ ಬಿತ್ತು. ಆಮೇಲೆ ಐಸ್ ಒಡೆಯುವ ಕೊಡತಿಯಿಂದ ಮೊಣಕೈಗೆ. ಮೂಳೆ ಮುರಿದದ್ದು ಕೇಳಿಸಿತು. ಬಿದ್ದವನನ್ನು ತುಳಿದರು. ನಾನು ಒಬ್ಬನ ಜುಟ್ಟು ಹಿಡಿದು ಎಳೆದೆ.

“ಅದು ಹೋದ ವರ್ಷದ್ದೋ, ಸಾಯ್ತಾನೆ, ಬಿಡ್ರೋ!”

“ಹೋದ ವರ್ಷದ್ದಾದ್ರೆ ಈಗ ಯಾಕೆ ಬಂತು? ಫೋನು ಸುಳ್ಳು ಹೇಳ್ತದಾ ಅಮ್ಮಾ?” ಎಂದವನೇ ಮೊಣಕೈ ಬೀಸಿದ. ನನ್ನ ಮುಂದಿನ ಹಲ್ಲು ಹೋಯಿತು.

ರಕ್ತ ಉಗುಳಿ ಕೂಗಿದೆ: “ರೇಖಾ, ನನ್ ಮಾತು ಇವ್ಕೆ ಕೇಳೂದಿಲ್ಲ. ಫೋನಲ್ಲೇ ಹೇಳೇ!”

ಅವಳು ಅದೇ ತಲೆಬರಹ ಅಳಿಸಿ, ‘ಹಳೇ ಸುದ್ದಿ. ರಾಜಿ ಆಗಿದೆ. ಹೊಡೆಯಬೇಡಿ’ ಎಂದು ಬರೆದು ಸೇವ್ ಒತ್ತಿದಳು. ಜೇಬುಗಳು ಮತ್ತೆ ಕೂಗಿದವು. ಎತ್ತಿದ ಕೈಗಳು ಇಳಿದು ಫೋನಿಗೆ ಹೋದವು. ಹುಟ್ಟು ಹಿಡಿದವನ ಬಳಿ ಫೋನಿರಲಿಲ್ಲ. ಅವನು ಇನ್ನೊಂದೇಟು ಹೊಡೆದ.

ಸಂತೋಷ ಬದುಕಿದ. ಮೊಣಕೈಗೆ ರಾಡ್ ಹಾಕಿದ್ದಾರೆ; ಬಲೆ ಎಳೆಯಲು ಆಗುವುದಿಲ್ಲ. ಕೋಡನ್ನು ರೇಖಾ ಅದೇ ದಿನ ತಿದ್ದಿದಳು. ಈಗ ಅದು ಬದಲಾದದ್ದು ದರವೇ ಎಂದು ಮೊದಲು ನೋಡುತ್ತದೆ, ಅಲ್ಲವಾದರೆ ಸುಮ್ಮನಿರುತ್ತದೆ. ಏನೋ ಬದಲಾಯಿತು ಎಂದಷ್ಟೇ ಗೊತ್ತಿದ್ದ ಕೋಡಿಗೆ, ಏನು ಬದಲಾಯಿತು ಎಂದು ಕೇಳಿಕೊಳ್ಳಲು ಕಲಿಸಬಹುದು. ದಕ್ಕೆಯವರಿಗೆ ಅದನ್ನು ಕಲಿಸಲು ನನ್ನಿಂದ ಇನ್ನೂ ಆಗಿಲ್ಲ.