ಎರಡು ಚಪ್ಪಾಳೆಗೆ ಮೂರು

ಶಿಕ್ಷಕರ ತರಬೇತಿಗೆ ಬಂದಿದ್ದ ಹೊಸ ಮಿಸ್ ಮೂರನೇ ತರಗತಿಯ ಗದ್ದಲ ಅಡಗಿಸಲು ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಅವಳು ಎರಡು ಚಪ್ಪಾಳೆ ತಟ್ಟಿದರೆ ಮಕ್ಕಳು ಮೂರು ತಟ್ಟಿ ಸುಮ್ಮನಾಗಬೇಕು, ಅದು ಅವರೊಳಗಿನ ಒಪ್ಪಂದ. ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಪಾಠಕ್ಕೆ ಅಂಕ ಹಾಕುತ್ತಿದ್ದ ಕ್ಲಾಸ್ ಟೀಚರ್ ಮೂಗು ಮುರಿದಿದ್ದರು.

"ಇದೇನು ಸ್ಕೂಲೋ ಸರ್ಕಸ್ಸೋ? ನೀನು ಹೋದ್ಮೇಲೆ ಇವನ್ನೆಲ್ಲ ಹಿಡಿಯೋಳು ನಾನು ಕಣಮ್ಮಾ."

ಇಂಟರ್ನ್‌ಶಿಪ್ ಮುಗಿದು ಅವಳು ಕಾಲೇಜಿಗೆ ಮರಳಿದಳು. ಮನಸ್ಸು ಮಾತ್ರ ಅಲ್ಲೇ ಉಳಿಯಿತು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಅವಳ ಬೆರಳು ತಾನಾಗಿ ತುಟಿಯ ಮೇಲೆ ಹೋಗುತ್ತಿತ್ತು. "ನಾವೇನು ನಿನ್ನ ಮೂರನೇ ಕ್ಲಾಸಾ?" ಎಂದು ಅಣ್ಣ ಕಾಡಿಸಿದರೆ, ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸುತ್ತಿತ್ತು.

ಕಾಲೇಜಿಗೆ ರಜೆಯಿದ್ದ ಒಂದು ದಿನ ಅಮ್ಮ ಚೀಲ ಕೊಟ್ಟು ತರಕಾರಿ ತರಲು ಕಳಿಸಿದಾಗ, ಹತ್ತಿರದ ಅಂಗಡಿ ಬಿಟ್ಟು ಶಾಲೆಯ ದಾರಿ ಹಿಡಿದಳು. ಕಾಂಪೌಂಡಿನಾಚೆ ಅದೇ ಗದ್ದಲ. ಒಳಗೆ ಹೋಗಲು ಅವಳಿಗೀಗ ಯಾವ ನೆಪವೂ ಇರಲಿಲ್ಲ. ಅಷ್ಟರಲ್ಲಿ ಕಿಟಕಿಯಿಂದ ಕ್ಲಾಸ್ ಟೀಚರ್ ದನಿ ಕೇಳಿತು. "ಸಾಕು, ಸಾಕು." ಹಿಂದೆಯೇ ಎರಡು ಚಪ್ಪಾಳೆ.

ಮಕ್ಕಳೆಲ್ಲ ಮೂರು ತಟ್ಟಿದರು. ತರಗತಿ ನಿಶ್ಶಬ್ದವಾಯಿತು. ಗೋಡೆಯ ಈಚೆ ಖಾಲಿ ಚೀಲ ಅವಳ ಕಾಲ ಬಳಿ ಬಿದ್ದಿತ್ತು. ಅವಳೂ ಮೂರು ತಟ್ಟಿದ್ದಳು.