ಮಲ್ಲವ್ವ ಎದ್ದು ಬಂದ ಪರೀಕ್ಷೆ

ಕಳೆದ ಮಂಗಳವಾರ ಊಟಕ್ಕೆ ಕೂತು ರೊಟ್ಟಿ ಮುರಿದೆ. ಎಲ್ಲೂ ಸೀದು ಹತ್ತಿರಲಿಲ್ಲ. ಒಂದೇ ಒಂದು ಕಪ್ಪು ಕಲೆ ಇಲ್ಲ. ಬೆಳ್ಳಗೆ, ತೆಳ್ಳಗೆ, ದುಂಡಗೆ. ನನ್ನ ತಲೆ ಕೆಟ್ಟಿತು.

ಒಳ್ಳೆಯ ರೊಟ್ಟಿ ಬಂದರೆ ಸಿಟ್ಟಾಗುವ ಇವಳೆಂಥ ಹೆಂಗಸು ಅಂತೀರಾ? ಸ್ವಲ್ಪ ತಡೆಯಿರಿ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಶೋಭಾ ಅಂತ ಇದ್ದಾಳೆ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ತಾರಿಹಾಳದ ಕಾರ್ಖಾನೆಯವರು ಉಣ್ಣುವ ಮೆಸ್ಸಿಗೂ ಅವಳದೇ ರೊಟ್ಟಿ, ನಮ್ಮ ಮನೆಗೂ ಅವಳದೇ. ಸಂಜೆ ಏಳೂವರೆಗೆ ಅವಳ ಒಲೆಯ ಎದುರಿನ ಟಿವಿಯಲ್ಲಿ ಸೀರಿಯಲ್ ಶುರುವಾಗುತ್ತದೆ. ಕೈ ಹಿಟ್ಟಿನಲ್ಲಿ, ಕಣ್ಣು ಟಿವಿಯಲ್ಲಿ. ಕಥೆ ಬಿಗಿಯಾದರೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆಯುತ್ತಾಳೆ. ರೊಟ್ಟಿ ಹತ್ತುತ್ತದೆ. ಈ ಟಿಆರ್‌ಪಿ ಲೆಕ್ಕವೆಲ್ಲ ನನಗೆ ತಿಳಿಯದು. ರೊಟ್ಟಿ ಎಷ್ಟು ಕಪ್ಪೋ ಎಪಿಸೋಡ್ ಅಷ್ಟು ಚೆಂದ, ಅದಿಷ್ಟೇ ಗೊತ್ತು.

ಮಂಗಳವಾರ ನಾನು ನೆಂಟರೊಬ್ಬರನ್ನು ನೋಡಲು ಸತ್ತೂರಿನ ಆಸ್ಪತ್ರೆಗೆ ಹೋಗಿದ್ದರಿಂದ ಎಪಿಸೋಡ್ ತಪ್ಪಿತ್ತು. ಆದರೆ ಅಂದು ಬರುವುದು ಯಾವುದು ಅಂತ ಗೊತ್ತಿತ್ತು. ಮಲ್ಲವ್ವ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಎಪಿಸೋಡ್! ಇಡೀ ಬುಟ್ಟಿ ಕರಕಲಾಗಬೇಕಿತ್ತು. ಆಗಿಲ್ಲ ಅಂದರೆ ಏನೋ ಎಡವಟ್ಟಾಗಿದೆ.

ಮಲ್ಲವ್ವ ಯಾರು? ಸೀರಿಯಲ್‌ನ ನಾಯಕಿ. (ಸೀರಿಯಲ್ ಹೆಸರು ಬರೆಯುವುದಿಲ್ಲ. ನೋಡುವವರಿಗೆ ಗೊತ್ತು, ನೋಡದವರು ಪುಣ್ಯವಂತರು.) ಮೊದಲ ಆರು ತಿಂಗಳು ಎಂಥಾ ಸೀರಿಯಲ್ ಅದು! ಶಾಲೆ ಬಿಡಿಸಿ ಮದುವೆ ಮಾಡಿದ ಹುಡುಗಿ, ಖಾನಾವಳಿಯಲ್ಲಿ ದುಡಿಯುತ್ತ ಮತ್ತೆ ಓದಲು ಕೂರುತ್ತಾಳೆ. ಆ ನಟಿ ನಿಜವಾಗಿಯೂ ರೊಟ್ಟಿ ತಟ್ಟುತ್ತಿದ್ದಳು. "ಕೈ ನೋಡ್ರಿ ಅಕ್ಕಾರ, ಕಲತ ಕೈ ಐತಿ," ಅಂತ ಶೋಭಾ ಸರ್ಟಿಫಿಕೇಟ್ ಕೊಟ್ಟಿದ್ದಳು. ಮೇಲಾಗಿ ನಾಯಕಿಯೇ ನಮ್ಮ ಕಡೆಯ ಮಾತಾಡುತ್ತಿದ್ದಳು. ಟಿವಿಯಲ್ಲಿ ನಮ್ಮ ಮಾತು ಸಾಮಾನ್ಯವಾಗಿ ಯಾರ ಬಾಯಿಗೆ ಬೀಳುತ್ತದೆ? ಮನೆಗೆಲಸದವಳಿಗೆ, ಇಲ್ಲವೇ ಪೆದ್ದ ಪೊಲೀಸ್ ಪೇದೆಗೆ. ಹಾಗಾಗಿ ನಾನು ಹಿಗ್ಗಿ ಹೀರೇಕಾಯಿಯಾಗಿ ಇದೇ ಅಂಕಣದಲ್ಲಿ ಹೊಗಳಿ ಬರೆದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಮೆಸೇಜ್ ಕಳಿಸಿದಿರಿ. ಅವನ್ನೆಲ್ಲ ಈಗ ಡಿಲೀಟ್ ಮಾಡಿದ್ದೇನೆ.

ಯಾಕೆಂದರೆ ಆಮೇಲೆ ಎಲ್ಲ ಸೀರಿಯಲ್‌ಗೂ ಬರುವ ರೋಗ ಇದಕ್ಕೂ ಬಂತು. ಮಲ್ಲವ್ವನ ಗಂಡ ಬೆಂಗಳೂರಿನ ಕೋಟ್ಯಧೀಶರ ಕಳೆದುಹೋದ ಮಗ ಅಂತ ಗೊತ್ತಾಯಿತು. ಸಂಸಾರ ಬಂಗಲೆಗೆ ಹೋಯಿತು. ಒಂದು ಸೋಮವಾರ ಮಲ್ಲವ್ವ ಮಲ್ಲಿಕಾ ಆದಳು, ಮಾತೂ ಬದಲಾಯಿತು. ಮಲಗುವಾಗಲೂ ರೇಷ್ಮೆ ಸೀರೆ. ಯಾರಾದರೂ ಬಾಗಿಲು ತೆರೆದರೆ ಏಳು ಜನರ ಮುಖ, ಒಂದೊಂದು ಮುಖಕ್ಕೆ ಮೂರು ಗುಡುಗು. ಒಮ್ಮೆ ಬಂಗಲೆಯ ಅಡುಗೆಮನೆಯಲ್ಲಿ ತಣ್ಣೀರು ಹಾಕಿ ಜೋಳದ ಹಿಟ್ಟು ನಾದಿದಳು. ಶೋಭಾ ಹಣೆ ಚಚ್ಚಿಕೊಂಡಳು.

"ಕುದಿಯೋ ನೀರ ಹಾಕಬೇಕನ್ನೂದ ಮರ್ತಾಳಲ್ರಿ ಅಕ್ಕಾರ! ನೆನಪಿನ ಶಕ್ತಿ ಹೋಗೂದು ಮುಂದಿನ ವಾರ ಅಲ್ಲೇನ್ರಿ?"

ಇಷ್ಟಾದರೂ ಯಾಕೆ ನೋಡುತ್ತಿದ್ದೆವು? ಪರೀಕ್ಷೆಗೋಸ್ಕರ. ಬಂಗಲೆ ಸೇರಿದರೂ ಮಲ್ಲವ್ವ ಪುಸ್ತಕ ಬಿಟ್ಟಿರಲಿಲ್ಲ. ನಾವೂ ಬಿಡುವಂತಿರಲಿಲ್ಲ, ಏಕೆಂದರೆ ಅವಳ ಜೊತೆ ಶೋಭಾಳೂ ಪರೀಕ್ಷೆ ಕಟ್ಟಿದ್ದಳು.

ಶೋಭಾ ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದವಳು. ಫೇಲಾದ ಮೂರೇ ತಿಂಗಳಿಗೆ ಅಪ್ಪ ಮದುವೆ ಮಾಡಿ ಕೈ ತೊಳೆದುಕೊಂಡ. ಉಳಿದದ್ದು ಅದೊಂದೇ ವಿಷಯ. "ಆಕಿ ಬರೀತಾಳಂದ್ರ ನೀ ಯಾಕ ಬರೀಬಾರದವಾ?" ಅಂತ ಅವಳನ್ನು ಕೆಣಕಿದವಳು ನಾನೇ. ಮಧ್ಯಾಹ್ನದ ಹೊತ್ತು ನಮ್ಮ ಮನೆಯಲ್ಲಿ ಪಾಠ. ಬೀಜಗಣಿತ ಕಂಡರೆ ಬೆವರುತ್ತಿದ್ದಳು, ಆದರೂ ಬರುತ್ತಿದ್ದಳು. ಮಗಳ ಶಾಲೆಯ ಫಾರ್ಮಿನಲ್ಲಿ 'ತಾಯಿಯ ವಿದ್ಯಾರ್ಹತೆ' ಅಂತ ಒಂದು ಗೆರೆ ಇರುತ್ತದಲ್ಲ, ಅಲ್ಲಿ 'ಹತ್ತನೇ ಪಾಸ್' ಅಂತ ತನ್ನ ಕೈಯಾರೆ ಬರೆಯಬೇಕು. ಅವಳ ಆಸೆ ಅಷ್ಟೇ. ಗಣಿತದ ಪೇಪರ್ ಇದ್ದದ್ದು ಶುಕ್ರವಾರ.

ಬುಧವಾರ ಮಧ್ಯಾಹ್ನ ಅವಳು ಪಾಠಕ್ಕೆ ಬರಲಿಲ್ಲ. ನಾನು ಮೊಬೈಲಿನಲ್ಲಿ ಹಿಂದಿನ ದಿನದ ಎಪಿಸೋಡ್ ಹಾಕಿದೆ. ಮಲ್ಲವ್ವ ಪರೀಕ್ಷಾ ಹಾಲ್‌ನಲ್ಲಿ ಕೂತಿದ್ದಾಳೆ. ಪ್ರಶ್ನೆಪತ್ರಿಕೆ ಕೈಗೆ ಬಂದಿದೆ. ಅಷ್ಟರಲ್ಲಿ ಅತ್ತೆಗೆ ಎದೆನೋವು ಅಂತ ಫೋನ್. (ಹಾಲ್ ಒಳಗೆ ಫೋನ್ ಹೇಗೆ ಬಂತು? ಕೇಳಬೇಡಿ.) ಎದೆನೋವು ಬರೀ ಸುಳ್ಳು, ಅತ್ತೆಯ ನಾಟಕ. ಮಲ್ಲವ್ವ ಹಾಲ್ ಟಿಕೆಟ್ ಹರಿದು ಹಾಕಿ ಓಡಿದಳು. ಅತ್ತೆಯ ಕಣ್ಣಲ್ಲಿ ನೀರು. "ನೀನು ಸೊಸೆಯಲ್ಲ ಕಣಮ್ಮಾ, ಈ ಮನೆಯ ದೇವತೆ." ಮೇಲಿಂದ ಹೂವು ಉದುರಿದವು. ಸೀಲಿಂಗ್‌ನಿಂದ ಹೂವು!

ಚಪ್ಪಲಿ ಮೆಟ್ಟಿಕೊಂಡು ಸೀದಾ ಶೋಭಾಳ ಮನೆಗೆ ನಡೆದೆ. "ಲೆಕ್ಕಕ್ಕ ಯಾಕ ಬರಲಿಲ್ಲ ಇವತ್ತ?"

"ನಾ ಪರೀಕ್ಷಾ ಬರ್ಯಾಂಗಿಲ್ರಿ ಅಕ್ಕಾರ. ಅತ್ತಿಯವರಿಗೆ ಮೊಣಕಾಲ ಬ್ಯಾನಿ. ಬಿಟ್ಟ ಹೋಗಾಕ ಬರೂದಿಲ್ಲ."

"ಸೀರಿಯಲ್ ನೋಡಿ ಯಾರಾದ್ರೂ ಪರೀಕ್ಷಾ ಬಿಡತಾರೇನ?" ರೇಗಿದೆ.

"ಸೀರಿಯಲ್ ನೋಡೇ ಕಟ್ಟಿದ್ನೆಲ್ರಿ. ಆಕಿನ್ನ ನೋಡಿ ಕಲಿ ಅಂತ ಆವಾಗ ನೀವ ಹೇಳಿದ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅಷ್ಟರಲ್ಲಿ ಮೂಲೆಯ ಮಂಚದ ಮೇಲಿಂದ ಅವಳ ಅತ್ತೆ ಫಕೀರವ್ವ ಗುಡುಗಿದರು. (ಈ ಗುಡುಗಿಗೆ ಹಿನ್ನೆಲೆ ಸಂಗೀತ ಬೇಕಿರಲಿಲ್ಲ.)

"ನನ್ನ ಮೊಣಕಾಲ ಹತ್ತ ವರ್ಷದಿಂದ ಬ್ಯಾನಿ ಐತ್ರಿ ಬಾಯಾರ, ಇವತ್ತೇನ ಹೊಸಾದಲ್ಲ. ನಾ ಬ್ಯಾಡ ಅಂದೇನೇನ ಕೇಳ್ರಿ ಆಕಿನ್ನ. ಟಿವ್ಯಾಗಿನ ಆ ಮುದುಕಿ ಸುಳ್ಳ ಎದಿ ಹಿಡ್ಕೊಂಡ್ಲು ಅಂದ್ರ ನನ್ನ ಯಾಕ ನಡಕ ತರ್ತಾಳಿಕಿ?"

ಅರೆ, ಅತ್ತೆ ವಿಲನ್ ಅಲ್ಲವೇ ಅಲ್ಲ! ಹಾಗಾದರೆ ತಡೆದದ್ದು ಯಾರು?

ಶೋಭಾ ತಲೆ ತಗ್ಗಿಸಿ ಕೂತಿದ್ದಳು. ತಲೆ ಎತ್ತದೆಯೇ ಅಂದಳು: "ಖರೇ ಹೇಳ್ಲೇನ್ರಿ ಅಕ್ಕಾರ? ಮಲ್ಲವ್ವ ಎದ್ದ ಬಂದಾಗ ನನಗ ಮನಸ ಭಾಳ ಹಗರ ಆತ್ರಿ. ಹಂಗ ಬಿಟ್ಟ ಬಂದ್ರ ದೇವತಿ ಅಂತಾರ. ಬರದು ಮತ್ತ ಫೇಲಾದ್ರ? ಒಮ್ಮೆ ಫೇಲಾಗಿದ್ದಕ್ಕ ಏನಾತು ಅನ್ನೂದು ನನಗ ಗೊತ್ತೈತಿ. ಈಗ ಮಗಳ ಮುಂದ, ಓಣಿ ಮುಂದ ಹೆಂಗ ನಿಂದರ್ಲಿ?"

ಮಂಗಳವಾರದ ಬಿಳಿ ರೊಟ್ಟಿಯ ಗುಟ್ಟು ಆಗ ತಿಳಿಯಿತು. ಪಾಪ, ಮಲ್ಲವ್ವ ಎದ್ದು ಬಂದ ಮೇಲೆ ಅವಳ ಕಣ್ಣು ಟಿವಿ ಬಿಟ್ಟು ಹಂಚಿಗೆ ಮರಳಿತ್ತು.

ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷ ಸೀರಿಯಲ್ ನೋಡಿದ್ದೇನೆ (ಹೆಮ್ಮೆಯಿಂದ ಹೇಳುವ ಮಾತಲ್ಲ). ನಾಯಕಿ ಒಂದೋ ರಾಜ್ಯಕ್ಕೇ ಮೊದಲು ಬರುತ್ತಾಳೆ, ಇಲ್ಲವೇ ತ್ಯಾಗ ಮಾಡುತ್ತಾಳೆ. ಮೂವತ್ತೈದೇ ಅಂಕಕ್ಕೆ ಪಾಸಾದ ನಾಯಕಿಯನ್ನು ಯಾರಾದರೂ ನೋಡಿದ್ದೀರಾ? ಫೇಲಾಗಿ, ಎರಡು ದಿನ ಅತ್ತು, ಮೂರನೇ ದಿನ ಮತ್ತೆ ಪುಸ್ತಕ ತೆಗೆದವಳನ್ನು? ಪಾಯಸಕ್ಕೆ ವಿಷ ಬೆರೆಸುವುದನ್ನು ಮೂರು ವಾರ ತೋರಿಸಲು ಟೈಮ್ ಇದೆ. ಸತ್ತವರನ್ನು ಎಬ್ಬಿಸಿ ತರಲು ಟೈಮ್ ಇದೆ. ಓದಲು ಕೂತ ಒಬ್ಬ ಹೆಂಗಸಿಗೆ ಕೊಡಲು ಮೂರು ತಾಸು ಇಲ್ಲವೇ? ನಾನು ಇವರಿಗೆ ಹೊಗಳಿಕೆ ಬರೆದೆನಲ್ಲ, ನನ್ನ ಬುದ್ಧಿಗಿಷ್ಟು!

ಸೀರಿಯಲ್‌ನವರಿಗೆ ಹೊಳೆಯದ ಡೈಲಾಗ್ ಫಕೀರವ್ವನಿಗೆ ಹೊಳೆಯಿತು. "ಫೇಲಾದ್ರ ಆಗವಲ್ಲಿ. ನಿಮ್ಮಪ್ಪ ಬಂದು ನಿನಗ ಮತ್ತೊಂದ ಲಗ್ನಾ ಮಾಡ್ತಾನೇನ ಈಗ?"

ಶೋಭಾ ಕಿಸಕ್ಕನೆ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಎದ್ದು ಕಣ್ಣೊರೆಸಿಕೊಂಡು ಪುಸ್ತಕ ಹುಡುಕಿದಳು.

ಶುಕ್ರವಾರ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋದೆ. ಪರೀಕ್ಷೆ ಮುಗಿಯುವವರೆಗೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೆ. ಗಂಟೆ ಹೊಡೆದ ಮೇಲೆ, ಎರಡು ಜಡೆಯ ಹುಡುಗಿಯರ ನಡುವೆ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು.

"ಹೆಂಗಾತು?"

"ಎರಡ ಲೆಕ್ಕ ಪೂರ್ತಿ ಬಿಟ್ಟೇನ್ರಿ ಅಕ್ಕಾರ. ಫೇಲಾದ್ರೂ ಆಗಬಹುದು." ಮುಖದ ತುಂಬ ಬೆವರಿತ್ತು, ಹೆದರಿಕೆ ಮಾತ್ರ ಕಾಣಲಿಲ್ಲ. "ಆದ್ರ ಮತ್ತ ಕಟ್ಟೂದ್ರಿ. ಮಧ್ಯಾಹ್ನ ನೀವು ಖಾಲಿನ ಇರ್ತೀರಲ್ಲ?"

ಡೈರೆಕ್ಟರ್ ಸಾಹೇಬರೇ, ನಿಮ್ಮ ಅಷ್ಟೊಂದು ನಾಯಕಿಯರಲ್ಲಿ ಫೇಲಾಗುವ ಧೈರ್ಯ ಒಬ್ಬಳಿಗಾದರೂ ಇದೆಯೇ?